ಇಪ್ಪತ್ತೆಂಟು–ಇಪ್ಪತ್ತೆಂಟನ್ನು ಕಾಯುವಾಕೆ

ಬೆಳಗಿನ ಐದೂ ಇಪ್ಪತ್ತು. ಬ್ಯಾಡ್ಮಿಂಟನ್ ಅಂಗಣದಲ್ಲಿ ಆಟಗಾರರ ಸುಳಿವಿಲ್ಲ. ಆದರೆ ಗೋಡೆಯ ಮೇಲಿನ ಸ್ಕೋರ್ ಬೋರ್ಡಿನಲ್ಲಿ ಆಟ ಶುರುವಾಗಿದೆ. ಸೊನ್ನೆ–ಸೊನ್ನೆ. ಸೊನ್ನೆ–ಒಂದು. ಸೊನ್ನೆ–ಎರಡು. ಪ್ರತಿ ಸ್ಕೋರೂ ಒಂದೂವರೆ ಸೆಕೆಂಡು ಉರಿದು ಮುಂದಿನದಕ್ಕೆ ಜಾಗ ಬಿಡುತ್ತದೆ. ಪ್ರೇಕ್ಷಕರ ಕೊನೆಯ ಸಾಲಿನಲ್ಲಿ, ಮೊಣಕೈ ಸವೆದ ಸ್ವೆಟರ್ ತೊಟ್ಟ ಐವತ್ತೆರಡರ ಹೆಂಗಸೊಬ್ಬರು ತೊಡೆಯ ಮೇಲೆ ನೋಟ್ ಬುಕ್ ಇಟ್ಟುಕೊಂಡು ಬೋರ್ಡನ್ನೇ ನೋಡುತ್ತಿದ್ದಾರೆ. ಪತ್ರಿಕೆಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನಾನು ಆಕಳಿಸಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಹತ್ತು ಅಂಕಿ ಉರಿಯುತ್ತಾ ಅಂತ ನೋಡಿದ್ರೆ ಸಾಲ್ದಾ?" ಎಂದು ಕೇಳುತ್ತೇನೆ.

"ಹದಿಮೂರು ನಿಮಿಷ ಸುಮ್ನಿರಿ. ಆಮೇಲೆ ಹೇಳ್ತೀನಿ," ಎನ್ನುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಬೋರ್ಡಕ್ಕ. ಸಂಬಳದ ಪಟ್ಟಿಯಲ್ಲಿ ಮಾತ್ರ 'ದೀಪ ಮತ್ತು ಫ್ಯಾನ್ ಸಹಾಯಕಿ'. ನಲವತ್ತೆಂಟು ದೀಪ, ಹದಿನಾಲ್ಕು ಫ್ಯಾನ್ ಇವರ ಸುಪರ್ದಿಯಲ್ಲಿವೆ. ಪಂದ್ಯ ನಡೆಯುವಾಗ ಫ್ಯಾನ್ ಆರಿಸುವುದೂ ಇವರ ಕೆಲಸವೇ. ಗಾಳಿಗೆ ಶಟಲ್ ದಾರಿ ತಪ್ಪಿದರೆ ಆಟಗಾರರು ಮೊದಲು ಬೈಯುವುದು ಇವರನ್ನು. ಬೋರ್ಡಿನ ಪರೀಕ್ಷೆ ಯಾರೂ ಹೇಳಿದ ಕೆಲಸವಲ್ಲ, ತಾವಾಗಿ ತಲೆಗೆ ಕಟ್ಟಿಕೊಂಡದ್ದು. ವಾರಕ್ಕೆ ಆರು ದಿನದಂತೆ ಒಂಬತ್ತು ವರ್ಷ, ಅಂದರೆ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಬೆಳಗು.

ಇವತ್ತಿನ ಬೆಳಗು ಬೇರೆ. ಗೋಡೆಯ ಮೇಲಿರುವುದು ಹೊಚ್ಚ ಹೊಸ ಬೋರ್ಡು. ಅದನ್ನು ತಂದ ಎಂಜಿನಿಯರು ಕೆಳಗೆ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕುಳಿತಿದ್ದಾರೆ. ಬೋರ್ಡಕ್ಕ ಸಹಿ ಹಾಕಿದರೆ ನಾಳೆಯ ಫೈನಲ್ ಇದರ ಕೆಳಗೇ ನಡೆಯುತ್ತದೆ. ಹೊಸ ಬೋರ್ಡು ತನ್ನ ದೋಷವನ್ನು ತಾನೇ ಹೇಳುತ್ತದಂತೆ. ಹಾಗಾಗಿ ಸೋಮವಾರದಿಂದ ಬೆಳಗಿನ ಪರೀಕ್ಷೆ ಬೇಡವೆಂದು ಮ್ಯಾನೇಜರು ಆಗಲೇ ಹೇಳಿಬಿಟ್ಟಿದ್ದಾರೆ. ಬೋರ್ಡು ಪಾಸಾದರೆ ಬೋರ್ಡಕ್ಕನ ಬೆಳಗಿನ ಕೆಲಸ ಹೋಗುತ್ತದೆ. ಫೇಲಾದರೆ ಫೈನಲ್ಲಿಗೆ ಬೋರ್ಡೇ ಇಲ್ಲ, ಹಳೆಯದನ್ನು ಆಗಲೇ ಬಿಚ್ಚಿ ಸಾಗಿಸಿದ್ದಾರೆ.

ಪರೀಕ್ಷೆ ಮುಗಿದ ಮೇಲೆ ಅವರು ಹೇಳಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದಕ್ಕೆ ಒಂಬತ್ತು ವರ್ಷದ ಹಿಂದಿನ ಒಂದು ಫೈನಲ್ಲಿಗೆ ಹೋಗಬೇಕು. ಹದಿನೇಳರ ಹುಡುಗಿಯೊಬ್ಬಳು ಮೂರನೆಯ ಗೇಮಿನಲ್ಲಿ ಜಿದ್ದಿಗೆ ಬಿದ್ದು ಆಡುತ್ತಿದ್ದಳು. ಬ್ಯಾಡ್ಮಿಂಟನ್ ಇಪ್ಪತ್ತೊಂದಕ್ಕೆ ಮುಗಿಯುವ ಆಟ. ಇಬ್ಬರೂ ಇಪ್ಪತ್ತರಲ್ಲಿ ಸಮ ಬಂದರೆ ಎರಡು ಪಾಯಿಂಟಿನ ಅಂತರ ಬೇಕು. ಅಂತರ ಸಿಗದೆ ಜಗ್ಗಾಟ ನಡೆದೇ ನಡೆಯಿತು. ಇಪ್ಪತ್ತೆಂಟು–ಇಪ್ಪತ್ತೆಂಟು ಆಯಿತು. ಸರ್ವ್ ಹುಡುಗಿಯದು. ಬೋರ್ಡು ಪಟ್ಟನೆ ಆರಿಹೋಯಿತು.

"ಏಣಿ ಹತ್ತಿ ಫ್ಯೂಸ್ ಹಾಕ್ದೆ. ಸ್ಕೋರ್ ಬಂತು, ಮತ್ತೆ ಹೋಯ್ತು. ಮೂರು ಸಲ ಹಾಕ್ದೆ, ಮೂರು ಸಲಾನೂ ಹೋಯ್ತು. ಕೆಳಗೆ ಆ ಮಗು ರ‍್ಯಾಕೆಟ್ ಹಿಡ್ಕೊಂಡು ನಿಂತೇ ಇತ್ತು. ಬೆವರು ಆರ್ತಾ ಇತ್ತು. ಇಪ್ಪತ್ತೈದು ನಿಮಿಷ," ಎನ್ನುತ್ತಾರೆ ಬೋರ್ಡಕ್ಕ.

ಕೊನೆಗೆ ಬೋರ್ಡಿಲ್ಲದೆಯೇ ಆಟ ಮುಂದುವರಿಯಿತು. ಎರಡೇ ಪಾಯಿಂಟು, ಎರಡೂ ಎದುರಾಳಿಗೆ. ಹುಡುಗಿ ಬೋರ್ಡಿನ ಮಾತೆತ್ತಿದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ನಕ್ಕರು. ಮಾರನೆಯ ದಿನ ಬಂದ ರಿಪೇರಿಯವನು ಸೊನ್ನೆಯಿಂದ ಒಂಬತ್ತರವರೆಗೆ ಒತ್ತಿ ನೋಡಿ, ಬೋರ್ಡಿಗೇನೂ ಆಗಿಲ್ಲ, ನಿಮ್ಮ ಸಹಾಯಕಿಯೇ ಏನೋ ಕಿತಾಪತಿ ಮಾಡಿರಬೇಕು ಎಂದು ಬರೆದುಕೊಟ್ಟು ಹೋದ. ಬೋರ್ಡಕ್ಕನಿಗೆ ಎಚ್ಚರಿಕೆಯ ಪತ್ರ ಬಂತು. ಹುಡುಗಿ ಆ ವರ್ಷವೇ ಸ್ಪರ್ಧೆ ಬಿಟ್ಟಳು.

ಎಲ್ಲ ಅಂಕಿಯೂ ಸರಿ, ಆದರೂ ಬೋರ್ಡು ಆರಿತು. ಹಾಗಾದರೆ ತಪ್ಪು ಬಿಡಿ ಅಂಕಿಯಲ್ಲಲ್ಲ, ಜೋಡಿಯಲ್ಲಿದೆ ಎಂದು ಬೋರ್ಡಕ್ಕನಿಗೆ ಹೊಳೆಯಿತು. ಇನ್ನೂ ಯಾವ ಯಾವ ಜೋಡಿಗೆ ಆರುತ್ತದೋ ನೋಡಲು, ಬರಬಹುದಾದ ಸ್ಕೋರುಗಳನ್ನೆಲ್ಲ ಕೈಯಲ್ಲಿ ಬರೆಯಲು ಕೂತರು. ಒಮ್ಮೆ ಐನೂರ ಹನ್ನೊಂದು ಬಂತು, ಇನ್ನೊಮ್ಮೆ ಐನೂರ ಮೂವತ್ತು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನಾದಿನಿ ಇದನ್ನು ನೋಡಿ ತಲೆ ಚಚ್ಚಿಕೊಂಡರಂತೆ. "ಅತ್ತಿಗೆ, ಇದು ಯಂತ್ರದ ಕೆಲಸ. ಹೇಳೋ ಹಾಗೆ ಹೇಳಿದ್ರೆ ಅದೇ ಬರೆಯುತ್ತೆ."

ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ಹೆಂಗಸು ಅಡುಗೆಮನೆಯ ಮೇಜಿನ ಮೇಲೆ ಕೋಡ್ ಕಲಿತರು. ಮೊದಲ ಸಲ ಗುಂಡಿ ಒತ್ತಿ, ಒಲೆ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಪರದೆಯ ಮೇಲೆ ಎಂಟು ಸಾವಿರ–ಎಂಟು ಸಾವಿರ! ಇಪ್ಪತ್ತೊಂಬತ್ತು ಸಮ ಆದಮೇಲೆ ಮೂವತ್ತು ಮುಟ್ಟಿದವರೇ ಗೆದ್ದಂತೆ ಎಂಬ ನಿಯಮವನ್ನು ಬರೆಯಲು ಮರೆತಿದ್ದರು. "ಆ ಇಬ್ಬರನ್ನ ಮನೆಗೆ ಕಳಿಸಿ ಅತ್ತಿಗೆ, ಸುಸ್ತಾಗಿರ್ತಾರೆ," ಎಂದರಂತೆ ನಾದಿನಿ.

ತಿದ್ದಿದ ಮೇಲೆ ಬಂದ ಲೆಕ್ಕ ಐನೂರ ಇಪ್ಪತ್ತೆಂಟು. ಒಂದು ಗೇಮಿನಲ್ಲಿ ಇದಕ್ಕಿಂತ ಹೆಚ್ಚು ಬಗೆಯ ಸ್ಕೋರು ಬರುವಂತೆಯೇ ಇಲ್ಲ. ಒಂದು ಮುಂಜಾನೆ ಅಷ್ಟನ್ನೂ ಹಳೆಯ ಬೋರ್ಡಿಗೆ ಉಣಿಸಿದರು. ಐನೂರ ಇಪ್ಪತ್ತೇಳು ಸರಿಯಾಗಿ ಬಂದವು. ಇಪ್ಪತ್ತೆಂಟು–ಇಪ್ಪತ್ತೆಂಟು ಬಂದಾಗ ಮಾತ್ರ ಕತ್ತಲೆ.

"ಎಂಟು ಬರೆಯೋಕೆ ಏಳು ದೀಪದ ಪಟ್ಟಿ ಉರೀಬೇಕು, ಎರಡಕ್ಕೆ ಐದು. ಎರಡು ಕಡೆ ಸೇರಿ ಇಪ್ಪತ್ನಾಲ್ಕು ಪಟ್ಟಿ. ಬೇರೆ ಯಾವ ಸ್ಕೋರಿಗೂ ಅಷ್ಟು ಬೇಡ. ಇಪ್ಪತ್ಮೂರರ ತನಕ ಬೋರ್ಡು ಹೇಗೋ ತಡ್ಕೊಳ್ತಿತ್ತು. ಇನ್ನೊಂದು ಪಟ್ಟಿ ಹತ್ತಿದ್ರೆ ಪ್ರಾಣ ಬಿಡ್ತಿತ್ತು," ಎಂದು ಬೆರಳು ಮಡಚಿ ತೋರಿಸುತ್ತಾರೆ.

ಬೋರ್ಡಿಗೆ ಕರೆಂಟು ಕೊಡುವ ಪೆಟ್ಟಿಗೆ ಬದಲಾಯಿತು. ಎಚ್ಚರಿಕೆಯ ಪತ್ರ ವಾಪಸಾಯಿತೇ ಎಂದರೆ, "ಇಲ್ಲ. ಗಟ್ಟಿ ಕಾಗದ ನೋಡಿ, ಬುಕ್ಕಿಗೆ ರಟ್ಟು ಹಾಕ್ಕೊಂಡಿದ್ದೀನಿ," ಎಂದು ಆ ಬುಕ್ಕನ್ನೇ ತೋರಿಸುತ್ತಾರೆ. ನನಗೆ ಸಿಟ್ಟು ಬಂತು. ಅವರಿಗೆ ಬಂದಂತಿಲ್ಲ.

"ಬೋರ್ಡ್ ಇದ್ದಿದ್ರೆ ಅವಳು ಗೆಲ್ತಿದ್ಲು ಅಂತ ನಾನು ಹೇಳಲ್ಲ. ಸೋಲ್ತಿದ್ಲೋ ಏನೋ. ಆದ್ರೆ ಆಟಕ್ಕೆ ಸೋತ್ನಾ, ಕತ್ತಲೆಗೆ ಸೋತ್ನಾ ಅಂತ ಅವಳಿಗೆ ಯಾವತ್ತೂ ಗೊತ್ತಾಗಲ್ವಲ್ಲ. ಇನ್ನೊಂದು ಮಗುಗೆ ಹಾಗಾಗ್ಬಾರ್ದು."

ಟೈಲರ್ ಕೆಲಸ ಮಾಡುವ ಬೋರ್ಡಕ್ಕನ ಯಜಮಾನರಿಗೆ ಇದೆಲ್ಲ ತಮಾಷೆ. "ಸಾರಿಗೆ ಉಪ್ಪು ಬಿತ್ತಾ ಅಂತ ಒಂದ್ಸಲ ನೋಡಲ್ಲ. ಬೋರ್ಡಾದ್ರೆ ಐನೂರು ಸಲ ನೋಡ್ತಾಳೆ," ಎಂದು ನನ್ನೆದುರಿಗೇ ದೂರಿದ್ದರು. ಆದರೆ ದಿನಾ ನಾಲ್ಕೂ ಕಾಲಿಗೆ ಎದ್ದು ಆಕೆಯ ಫ್ಲಾಸ್ಕಿಗೆ ಚಹಾ ತುಂಬಿ ಕೊಡುವವರೂ ಅವರೇ.

ಹೊಸ ಬೋರ್ಡು ಈಗ ಇಪ್ಪತ್ತರ ಗಡಿ ದಾಟಿದೆ. ಮೂವತ್ತು–ಇಪ್ಪತ್ತೊಂಬತ್ತು ಬಂದು ಹೋಗುತ್ತದೆ. ಇಪ್ಪತ್ತೆಂಟು–ಇಪ್ಪತ್ತೆಂಟನ್ನು ಬೋರ್ಡಕ್ಕ ಸ್ಕೋರುಗಳ ಪಟ್ಟಿಯ ಕೊನೆಗೆ ಇಟ್ಟಿದ್ದಾರೆ. ಅದು ಒಂದೂವರೆ ಸೆಕೆಂಡಲ್ಲ, ಪೂರ್ತಿ ಒಂದು ನಿಮಿಷ ಉರಿಯಬೇಕು. ಎಂಜಿನಿಯರು ಮೊಬೈಲನ್ನು ಜೇಬಿಗಿಟ್ಟು ಎದ್ದು ನಿಂತಿದ್ದಾರೆ.

ಅಷ್ಟರಲ್ಲಿ ಬಾಗಿಲು ಸದ್ದಾಗುತ್ತದೆ. ಒಳಗೆ ಬಂದವರು ಇಲ್ಲಿ ಮಕ್ಕಳಿಗೆ ಆಟ ಕಲಿಸುವ ಕೋಚ್. ಒಂಬತ್ತು ವರ್ಷದ ಹಿಂದಿನ ಆ ಹುಡುಗಿಯೇ ಇವರು. ದಿನಾ ಆರಕ್ಕೆ, ಬೋರ್ಡು ಆರಿದ ಮೇಲೆ ಬರುವವರು. ಈ ಪರೀಕ್ಷೆಯನ್ನು ಇವರು ಒಂದು ಸಲವೂ ನೋಡಿಲ್ಲವಂತೆ. ಇವತ್ತು ಇನ್ನೂ ಐದೂ ಮುಕ್ಕಾಲು ಆಗಿಲ್ಲ.

ಬೋರ್ಡಿನಲ್ಲಿ ಇಪ್ಪತ್ತೆಂಟು–ಇಪ್ಪತ್ತೆಂಟು ಹತ್ತಿಕೊಳ್ಳುತ್ತದೆ.

ಹತ್ತು ಸೆಕೆಂಡು. ಮೂವತ್ತು. ಬೋರ್ಡಕ್ಕನ ಪೆನ್ನು ಹಾಳೆಯ ಮೇಲೆ ಅಲುಗಾಡದೆ ನಿಂತಿದೆ. ಅರವತ್ತು. ಇಪ್ಪತ್ನಾಲ್ಕು ಪಟ್ಟಿಯೂ ಒಂದೇ ಸಮ ಉರಿಯುತ್ತಿವೆ. "ಸರಿ ಇದೆ," ಎಂದು ಬೋರ್ಡಕ್ಕ ಬರೆದು, ಕೆಳಗೆ ಸಹಿ ಹಾಕುತ್ತಾರೆ. ಆದರೆ ಬೋರ್ಡು ಆರಿಸುವುದಿಲ್ಲ.

"ಸರ್ವ್ ನಂದಿತ್ತು ಅಕ್ಕಾ," ಎನ್ನುತ್ತಾರೆ ಕೋಚ್, ಬೋರ್ಡು ನೋಡುತ್ತಲೇ.

"ಗೊತ್ತು ಕಣಮ್ಮ. ಬಲಗಡೆಯಿಂದ."

ಕೋಚ್ ಚೀಲದಿಂದ ರ‍್ಯಾಕೆಟ್ ತೆಗೆದು ಅಂಗಣದ ಬಲಭಾಗಕ್ಕೆ ಹೋಗಿ ನಿಲ್ಲುತ್ತಾರೆ. ಎದುರಿಗೆ ಯಾರೂ ಇಲ್ಲ. ಶಟಲ್ ಬಲೆಯನ್ನು ಸವರಿಕೊಂಡು ಆಚೆ ಗೆರೆಯ ಒಳಗೇ ಬೀಳುತ್ತದೆ. ತಿರುಗಿ, ಕಣ್ಣೊರೆಸಿಕೊಂಡು ನಗುತ್ತಾರೆ. "ಪಾಯಿಂಟ್ ಹಾಕಲ್ವಾ ಅಕ್ಕಾ?"

"ಎದುರಾಳಿ ಇಲ್ದೆ ಪಾಯಿಂಟ್ ಎಲ್ಲಿಂದ ತರ್ಲಿ?" ಬೋರ್ಡಕ್ಕನೂ ನಗುತ್ತಾರೆ. "ನಾಳೆ ನಿನ್ನ ಶಿಷ್ಯೆ ಆಡ್ತಾಳಲ್ಲ, ಅವಳು ತರ್ಲಿ. ಎಷ್ಟೊತ್ತು ಬೇಕಾದ್ರೂ ಜಗ್ಗಾಡ್ಲಿ. ಬೋರ್ಡು ಆರಲ್ಲ, ನಾನು ನೋಡಿದ್ದೀನಿ."