ನಿಂಬೆಯ ವಾಸನೆ ಬಾರದ ಮನೆ

ಮಗಳು ತಂದುಕೊಟ್ಟ ಸೆಂಟಿನ ಶೀಸೆಯನ್ನು ಮೊನ್ನೆ ಬೆಳಿಗ್ಗೆ ಬಿಚ್ಚಿದೆ. ಮಣಿಕಟ್ಟಿಗೆ ಒಂದು ಸಲ ಒತ್ತಿದ್ದೇ ತಡ, ಯಾರೋ ಮೂಗಿನ ಮುಂದೆಯೇ ನಿಂಬೆಯ ಸಿಪ್ಪೆ ಹಿಂಡಿದ ಹಾಗಾಯಿತು. ಬೇಸಿಗೆಗೆಂದೇ ಮಾಡಿದ ಹಣ್ಣುಗಳ ಸೆಂಟಂತೆ, ಹೊತ್ತು ಹೋದಂತೆ ಘಮ ಬದಲಾಗುತ್ತದಂತೆ. ಇಂಥದ್ದರಲ್ಲಿ ನನಗೆ ಮೊದಲಿನಿಂದಲೂ ಕೆಟ್ಟ ಕುತೂಹಲ. ಬಾಗೇವಾಡಿಯ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಬಿಟ್ಟು ಕೈ ಮೂಸುತ್ತ ನಿಂತೆ. ನಿಂಬೆಯ ಚುರುಕು ಇಳಿದು, ಅದರ ಹಿಂದೆ ಹೆಚ್ಚಿಟ್ಟ ಕರಬೂಜದ ತಂಪು ಬಂತು. ಮಧ್ಯಾಹ್ನದ ಹೊತ್ತಿಗೆ ಹುಲ್ಲಿನಲ್ಲಿ ಹಣ್ಣಿಗಿಟ್ಟ ಮಾವಿನ ಕಾವು. ಮುಂದೇನು ಬರುತ್ತದೋ ಎಂದು ಮೂಸುತ್ತಲೇ ಇದ್ದೆ, ಆದರೆ ಮನಸ್ಸು ಮೊದಲ ನಿಂಬೆಯಲ್ಲೇ ಸಿಕ್ಕಿಕೊಂಡಿತ್ತು. ನಂಬುತ್ತೀರೋ ಇಲ್ಲವೋ, ನಿಂಬೆಯ ತೋಟದಲ್ಲೇ ಬೆಳೆದ ನನಗೆ ಚಿಕ್ಕಂದಿನಲ್ಲಿ ಆ ವಾಸನೆ ಗೊತ್ತೇ ಇರಲಿಲ್ಲ.

ನಾನು ಬೆಳೆದ ಹೊರ್ತಿಯ ಆ ಮನೆ ಈಗಿಲ್ಲ, ಅದರ ಬೆನ್ನಿಗಿದ್ದ ತೋಟವೂ ಇಲ್ಲ. ಆಗ ಪಡಸಾಲೆಯ ತುಂಬ ನಿಂಬೆಯ ರಾಶಿ. ನಡುವೆ ನಡೆಯಲು ಒಂದು ಹಾದಿ ಬಿಟ್ಟಿದ್ದರೆ ಅದೇ ದೊಡ್ಡದು. ಬಂದ ನೆಂಟರು ಹೊಸ್ತಿಲಲ್ಲೇ ಉಸಿರೆಳೆದು, ಎಂಥಾ ಘಮ ಐತ್ರಿ ನಿಮ್ಮ ಮನಿ ಎನ್ನುವರು. ನಾವು ಮುಖ ಮುಖ ನೋಡಿಕೊಳ್ಳುವೆವು. ಹಾಗೆ ಅಂದವರಿಗೆ ಕಂಬಳಿ ಹಾಸಿ ಪಾನಕ ಕೊಡುವುದು ನಮ್ಮ ಮನೆಯ ಪದ್ಧತಿ. ಅಪ್ಪನ ತಂಗಿ ಕಮಲತ್ತೆ ನನಗೊಂದು ಉಪಾಯ ಹೇಳಿಕೊಟ್ಟಿದ್ದಳು. ಮೂಗು ಹಿಡಿದುಕೊಂಡು ಬಾವಿಯವರೆಗೆ ಓಡಬೇಕು, ತಿರುಗಿ ಬಂದು ಹೊಸ್ತಿಲಲ್ಲಿ ಬಿಡಬೇಕು. ಇಬ್ಬರೂ ಓಡಿದ್ದೇ ಬಂತು, ಉಸಿರು ಕಟ್ಟಿತೇ ಹೊರತು ವಾಸನೆ ಬರಲಿಲ್ಲ. ನಾವು ಆಯಿ ಎನ್ನುತ್ತಿದ್ದ ನಮ್ಮಜ್ಜಿ ಕೂತಲ್ಲೇ ನಕ್ಕಳು.

"ಅದು ಬೀಗರ ಮೂಗಿಗಷ್ಟ ಬರತೈತಿ, ಹುಚ್ಚಿ."

ಕಮಲತ್ತೆಯನ್ನು ಸಿಂದಗಿಯ ಕಡೆ ಕನ್ನೊಳ್ಳಿಗೆ ಕೊಟ್ಟರು. ಮೊದಲ ಸಲ ತವರಿಗೆ ಬಂದವಳು ಒಳಗೆ ಕಾಲಿಟ್ಟು, ಏನ್ ನಿಂಬಿ ಘಮ ಬರಾಕತ್ತೈತಲ್ಲ ಎಂದುಬಿಟ್ಟಳು. ಅಂದದ್ದೇನೆಂದು ಆಮೇಲೆ ತಿಳಿದು ಮುಖ ಸಣ್ಣದಾಯಿತು. ಅಷ್ಟರಲ್ಲಿ ಅವ್ವ ರೂಢಿಯಂತೆ ಕಂಬಳಿ ಹಾಸಿಯಾಗಿತ್ತು. ನನಗ್ಯಾಕ ಕಂಬಳಿ ವೈನಿ ಎಂದು ಅವ್ವನೆದುರು ಅತ್ತೇಬಿಟ್ಟಳು. ಆಯಿ ಕಂಬಳಿ ಸುತ್ತಿಟ್ಟು, ಆಕೆಯನ್ನು ರಾಶಿಯ ಮುಂದೆ ಕೂಡಿಸಿ ಕಾಯಿ ಆರಿಸಲು ಹಚ್ಚಿದಳು. ಹೊತ್ತು ಮುಳುಗುವಾಗ ಅತ್ತೆ ತಲೆಯೆತ್ತಿ, ಯವ್ವಾ, ಈಗ ಬರವಲ್ದು ಎಂದಳು. ಆಕೆಯ ಮುಖದ ಮೇಲಿನ ಆ ಹಿಗ್ಗನ್ನು ನಾನು ಮರೆತಿಲ್ಲ.

ಆಮೇಲೆ ಬಂದಾಗಲೆಲ್ಲ ಹಾಗೇ, ಕೈಕಾಲು ತೊಳೆದವಳೇ ರಾಶಿಯ ಮುಂದೆ ಕೂಡುವಳು. ಆದರೆ ವಾಸನೆ ಹೋಗಲು ಸಂಜೆ ಸಾಲದಾಯಿತು. ಒಂದು ರಾತ್ರಿ ಬೇಕಾಯಿತು, ವರ್ಷಗಳು ಕಳೆದಂತೆ ಎರಡು ಮೂರು ದಿನ. ಆಕೆಗೂ ಅಲ್ಲಿ ಮಕ್ಕಳು, ಎಮ್ಮೆ, ಹೊಲ. ಎಷ್ಟು ದಿನ ಇದ್ದಾಳು? ಕೊನೆಯ ಸಲ ಬಂದಾಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಅದೇ ಕೊನೆಯದೆಂದು, ಮುಂದಿನ ಬೇಸಿಗೆಗೆ ಆಕೆ ಇರುವುದಿಲ್ಲವೆಂದು ಯಾರಿಗೆ ಗೊತ್ತಿತ್ತು? ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತವಳು ಒಮ್ಮೆ ಉಸಿರೆಳೆದು, ಸಣ್ಣ ಧ್ವನಿಯಲ್ಲಿ ಹೇಳಿದಳು.

"ಯವ್ವಾ, ಇನ್ನೂ ಬರಾಕತ್ತೈತಿ."

ಆಯಿ ಕೈಯಲ್ಲಿದ್ದ ನಿಂಬೆಯನ್ನು ಕೆಳಗಿಟ್ಟಳು.

"ಹಂಗಾದ್ರ ಇವತ್ತ ಹೋಗಬ್ಯಾಡ."

ಸಿಂದಗಿಯ ಬಸ್ಸು ಬಂದು ನಿಂತಿತ್ತು. ಅತ್ತೆ ಹೋದಳು.