ಹೆಂಗಸರ ಸಾಲು

ನನ್ನ ಅವ್ವನ ತಂಗಿ ಚಂದ್ರಾಬಾಯಿ ಮಾವಶಿ ಇಂದಿಗೂ ಸಾಂಗ್ಲಿ ಹತ್ತಿರದ ಕಸಬೆ ಡಿಗ್ರಜದ ಮನೆಯಲ್ಲಿ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸುತ್ತಾಳೆ. ಆಮೇಲೆ ಬಟ್ಟೆಯನ್ನು ಜಾಲಿಸಿ, ಆ ನೀರನ್ನು ಮೆಲ್ಲಗೆ ಮತ್ತೆ ಬಾವಿಗೆ ಬಿಡುತ್ತಾಳೆ. ಜೈನರ ಮನೆ, ಕಣ್ಣಿಗೆ ಕಾಣದ ಜೀವವೂ ಸಾಯಬಾರದಂತೆ. ಅಂಥ ಮನೆಯಿಂದ ಅವಳನ್ನು ಎರಡು ಸಲ ಪರ ಊರಿನ ಡಾಕ್ಟರನ ಹತ್ತಿರ ಕರೆದೊಯ್ದಿದ್ದರು. ಎರಡೂ ಸಲ ಹೊಟ್ಟೆಯಲ್ಲಿದ್ದದ್ದು ಹೆಣ್ಣು. ಎರಡನ್ನೂ ತೆಗೆಸಿದರು. ಮೂರನೆಯ ಸಲ ಶ್ರೇಣಿಕ ಹುಟ್ಟಿದ.

ಆಗ ಅದನ್ನು ಯಾರೂ ಸಮಸ್ಯೆ ಅನ್ನಲಿಲ್ಲ. ಎಲ್ಲ ಜಾತಿಯವರ ಮನೆಗಳಲ್ಲೂ ಗುಟ್ಟಾಗಿ ನಡೆಯುತ್ತಿದ್ದದ್ದೇ. "ಪಾಯಪ್ಪಂದು ಶಾಣ್ಯಾ ಮನಿತನ, ಒಂದ ಗಂಡಿಗಿ ನಿಂತರು, ಹೊಲ ಒಡೀಲಿಲ್ಲ" ಎಂದು ಊರವರು ಹೊಗಳಿದರು. ಪಾಯಪ್ಪ ಮಾವಶಿಯ ಗಂಡ, ನನಗೆ ಕಾಕಾ. ಹೊಗಳಿದವರ ನಾಲಿಗೆ ಸೇದಿಹೋಗಲಿ ಅನ್ನಿಸುತ್ತದೆ ನನಗೆ. ಮಾವಶಿಗೆ ಹಾಗೂ ಅನ್ನಿಸುವುದಿಲ್ಲ. ಕೇಳಿದರೆ, "ಅನಸೂದ ನಿಂತ ಹೋಗೇತಿ, ತ್ರಿಶಲಾ" ಅನ್ನುತ್ತಾಳೆ.

ಈಗ ಶ್ರೇಣಿಕನಿಗೆ ಮೂವತ್ತಾರು. ಕಬ್ಬಿದೆ, ದ್ರಾಕ್ಷಿ ಇದೆ, ಟ್ರ್ಯಾಕ್ಟರ್ ಇದೆ, ಹೆಣ್ಣು ಸಿಗುತ್ತಿಲ್ಲ. ಅವನ ವಾರಿಗೆಯವರದೆಲ್ಲ ಇದೇ ಪಾಡು. ಗಂಡುಮಕ್ಕಳು ಹೀಗೆ ಮನೆಮನೆಯಲ್ಲಿ ಉಳಿದುಕೊಂಡಾಗ ನಮ್ಮ ಸಮಾಜಕ್ಕೆ ಎಚ್ಚರವಾಯಿತು. ಸಾಂಗ್ಲಿಯಲ್ಲಿ ಸಭೆ ಕೂಡಿತು, ಕಮಿಟಿ ಆಯಿತು, 'ಲಗ್ನದ ಸಮಸ್ಯೆ' ಎಂದು ಬ್ಯಾನರೂ ಬಂತು. ಕಮಿಟಿಯ ಅಧ್ಯಕ್ಷರಾದ ಅನೇಕಾಂತ ಕಾಕಾ ತಾವೇ ಮಿರಜದ ಒಂದು ಸಂಬಂಧ ತಂದರು. ಹುಡುಗಿ ಋತುಜಾ, ಆಸ್ಪತ್ರೆಯಲ್ಲಿ ನರ್ಸ್.

ಅವರನ್ನೂ ಕರೆದುಕೊಂಡು ನಾವೆಲ್ಲ ಮಿರಜಕ್ಕೆ ಹೋದೆವು. ಹಿಂದೆ ಹುಡುಗಿಯನ್ನು ನಡೆಸಿ ನೋಡುತ್ತಿದ್ದವರು ಈಗ ಕೈಕಟ್ಟಿ ಕೂತು ಅವಳ ಪ್ರಶ್ನೆಗೆ ಉತ್ತರ ಕೊಡಬೇಕು. ಶ್ರೇಣಿಕ ಅವಳನ್ನು ಒಂದು ಸಲ ನೋಡಿ ತಲೆ ತಗ್ಗಿಸಿದ. ಅವನ ಆಸೆ ಎಲ್ಲರಿಗೂ ಕಾಣುತ್ತಿತ್ತು, ಪಾಪ. ಚಹಾ ಆದ ಮೇಲೆ ಋತುಜಾ ಮಾವಶಿಯ ಕಡೆ ತಿರುಗಿದಳು.

"ಕಾಕೂ, ನಿಮಗ ಇವರೊಬ್ಬರ ಏನ್ರಿ ಮಕ್ಕಳು?"

ಇಷ್ಟು ವರ್ಷ ಈ ಪ್ರಶ್ನೆಗೆ ಮಾವಶಿ 'ಹೂಂ' ಅನ್ನುತ್ತಲೇ ಬಂದಿದ್ದಳು. ಅಂದೂ ಅಂದಿದ್ದರೆ ಲಗ್ನ ಕೂಡುತ್ತಿತ್ತೋ ಏನೋ.

"ಇಲ್ಲವಾ. ಇಬ್ಬರ ಹುಡುಗ್ಯಾರೂ ಇದ್ದರು. ಹುಟ್ಟಾಕ ಬಿಡಲಿಲ್ಲ."

"ಏಯ್, ಏನ ಮಾತಾಡಾಕತ್ತಿ?" ಪಾಯಪ್ಪ ಕಾಕಾ ಗದರಿದ.

ಮಾವಶಿ ಬಿಸ್ಕಿಟಿನ ತಟ್ಟೆ ನೋಡುತ್ತಾ ಕೂತಿದ್ದಳು. ಕಣ್ಣಲ್ಲಿ ನೀರಿಲ್ಲ, ದನಿಯಲ್ಲಿ ಸಿಟ್ಟಿಲ್ಲ. "ಈಕಿ ಅದ ಮನಿಗಿ ಬರಾಕಿ ಅಲ್ಲೇನು? ಗೊತ್ತಿರಲಿ" ಎಂದಳು.

ಋತುಜಾ ಒಲ್ಲೆ ಎಂದು ಹೇಳಿಕಳಿಸಿದಳು. ಶ್ರೇಣಿಕ ಅವ್ವನ ಕೂಡ ಮಾತು ಬಿಟ್ಟ. ಮಾವಶಿ ಅವನ ತಾಟಿಗೆ ರೊಟ್ಟಿ ಹಾಕುತ್ತಾಳೆ, ಅವನು ತಿಂದು ಎದ್ದು ಹೋಗುತ್ತಾನೆ.

ಮುಂದಿನ ಸಭೆಗೆ ಅವಳು ನನ್ನ ಜೊತೆ ಬಂದು ಹೆಂಗಸರ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ಅನೇಕಾಂತ ಕಾಕಾ ಮಾತು ಶುರು ಮಾಡಿದರು. "ಮಿರಜದ ಹುಡುಗಿ ಸುದ್ದಾ ಒಲ್ಲೆ ಅಂದಳ್ರಿ. ಯಾಕ? ನೌಕರಿ ಹುಡುಗನ ಬೇಕಂತ! ಹುಡುಗ್ಯಾರ ಅಪೇಕ್ಷಾ ಹೆಚ್ಚಾಗ್ಯಾವ."

ಅಯ್ಯ, ಎಂಥ ಮನುಷ್ಯ! ಅಂದು ಮಿರಜದಲ್ಲಿ ನಮ್ಮ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಗಂಡಸರು ಚಪ್ಪಾಳೆ ತಟ್ಟಿದರು. ಬೆಳಗಾವಿ ಕಡೆಯ ಏಜೆಂಟರಿಂದ ಹೆಣ್ಣು ನೋಡಿಸಬೇಕೆಂದು ಠರಾವೂ ಆಯಿತು. ಕೊನೆಗೆ ಅವರು ಮೈಕಿನಲ್ಲಿ ಕೇಳಿದರು:

"ನಮ್ಮ ಹುಡುಗ್ಯಾರರೆ ಎಲ್ಲಿ ಹೋದರ್ರಿ?"

ಮಾವಶಿ ಪಕ್ಕದ ಕುರ್ಚಿಯ ಹೆಂಗಸಿನ ಕಡೆ ತಿರುಗಿ, ಹಾಲು ಎಷ್ಟು ಬೇಕೆಂದು ಹೇಳುವ ದನಿಯಲ್ಲಿ, "ನನ್ನವು ಎರಡ ಹೋದೂರಿ" ಅಂದಳು.

ಗುರುತಿಲ್ಲದ ಆ ಹೆಂಗಸು ಸೆರಗಿನ ಅಂಚು ಮಡಚುತ್ತಾ, "ನಂದೊಂದು" ಅಂದಳು. ಅವಳಾಚೆ ಕೂತಿದ್ದ ಮುದುಕಿ ನಮ್ಮತ್ತ ತಿರುಗಲೂ ಇಲ್ಲ. ಮಡಿಲಲ್ಲಿದ್ದ ಕೈಯ ಮೂರು ಬೆರಳು ಬಿಡಿಸಿ ತೋರಿಸಿದಳು.

ಅಷ್ಟರಲ್ಲಿ ಮೈಕಿನಲ್ಲಿ ಕರೆದರು: ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಹೆಂಗಸರೆಲ್ಲ ಎದ್ದು ಬಡಿಸಲು ಹೋದರು.