ಪರಸಿ ಅಮೀನುದ್ದೀನ ಕೊಯ್ದ ಎಲುಬು

ಶಹಾಪುರದಿಂದ ಸುರಪುರದ ರಸ್ತೆ ಹಿಡಿದರೆ ಊರು ಮುಗಿಯುವ ಹೊತ್ತಿಗೆ ಎಡಗಡೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಮುಂದೆ ನೆಟ್ಟಗೆ ನಿಲ್ಲಿಸಿದ, ನೆಲಕ್ಕೆ ಹಾಸುವ ಪರಸಿ ಕಲ್ಲುಗಳು, ಒಳಗೆ ನೀರು ಚಿಮ್ಮಿಸುತ್ತ ತಿರುಗುವ ಗರಗಸ. ಇಪ್ಪತ್ತೊಂಬತ್ತು ವರ್ಷದಿಂದ ಅಮೀನುದ್ದೀನ ಅಲ್ಲಿಯೇ ಕಲ್ಲು ಕೊಯ್ಯುತ್ತಾನೆ. ಮಾತು ಕಡಿಮೆ, ಸಿಟ್ಟು ಜಾಸ್ತಿ. ತಾನು ಮೆರುಗು ಕೊಟ್ಟ ಕಲ್ಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು ಎಂಬುದೊಂದೇ ಅವನ ಜಂಬ. ಆ ಜಂಬವೇ ಒಂದು ದಿನ ಅವನಿಗೆ ಮುಳುವಾಯಿತು.

ಮೂರು ವರ್ಷದ ಹಿಂದಿನ ಮಾತು. ಮುದನಾಳದ ಪಂಚಶೀಲಾ ಊಟದ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶೆಡ್ಡಿಗೆ ಬಂದಳು. ಸುರಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಾಠದ ಜೊತೆಗೆ ಡಾಕ್ಟರೇಟಿಗೆ ಸಂಶೋಧನೆ ಮಾಡುತ್ತಿದ್ದಳು. ಡಬ್ಬಿ ತೆರೆದರೆ ಹತ್ತಿಯ ನಡುವೆ ಕಂದು ಬಣ್ಣದ, ಗೇಣುದ್ದದ ತುಂಡು.

"ಇದನ್ನ ಕೊಯ್ದು ಕೊಡ್ತೀರೇನ್ರಿ? ಈರುಳ್ಳಿ ಸಿಪ್ಪಿ ಇರ್ತದಲ್ರಿ, ಅಷ್ಟು ತೆಳ್ಳಗ."

"ಏನಮ್ಮ ಇದು, ಕಲ್ಲ?"

"ಎಲುಬ್ರಿ. ಕಲ್ಲಾಗ್ಯದ. ಹಳ್ಳದ ದಂಡ್ಯಾಗ ಸಿಕ್ಕದ. ಈಗ ಎಲ್ಲೂ ಇರಲಾರದ ದೊಡ್ಡ ಕಾಡುದನದ್ದು."

"ನಾ ಪರಸಿ ಕೊಯ್ಯಾಂವ. ಎಲುಬು ಕೊಯ್ಯಾಂವ ನಮ್ಮ ಭಾವ ಚಾಂದಪಾಶಾ. ಮಟನ್ ಅಂಗಡಿ ಅಲ್ಲೇ ಅದ, ಹೋಗ್ರಿ."

ಪಂಚಶೀಲಾ ನಗಲಿಲ್ಲ. ಅವಳು ಸಂಶೋಧನೆ ಮಾಡುತ್ತಿದ್ದ ವಿಭಾಗದ ಕೊಯ್ಯುವ ಯಂತ್ರ ಕೆಟ್ಟು ಹನ್ನೊಂದು ತಿಂಗಳಾಗಿತ್ತು. ಯಾದಗಿರಿಯಲ್ಲಿ ಹಲ್ಲಿನ ಸೆಟ್ಟು ಮಾಡುವವನ ಹತ್ತಿರ ಹೋಗಿದ್ದಳು, ಅಕ್ಕಸಾಲಿಗನ ಹತ್ತಿರ ಹೋಗಿದ್ದಳು. ಎಲ್ಲರೂ ಡಬ್ಬಿ ನೋಡಿ ಆಗುವುದಿಲ್ಲವೆಂದು ಕಳಿಸಿದ್ದರು. ಅವಳು ತುಂಡಿನ ಸುತ್ತ ಹತ್ತಿಯನ್ನು ಜೋಪಾನವಾಗಿ ಒತ್ತಿ ಮುಚ್ಚಳ ಹಾಕುವುದನ್ನು ಅಮೀನುದ್ದೀನ ನೋಡಿದ.

"ಕೂಡ್ರಿ," ಎಂದ. "ಕೊಯ್ದರ ಏನ್ ಕಾಣ್ತದ, ಹೇಳ್ರಿ ಮೊದಲ."

"ಮರದಾಗ ಉಂಗುರ ಇರ್ತಾವಲ್ರಿ, ಹಂಗ ಎಲುಬಿನ್ಯಾಗೂ ಗೆರಿ ಇರ್ತಾವ. ಮೇವು ಇದ್ದಾಗ ದನ ಬೆಳೀತದ, ಬ್ಯಾಸಗ್ಯಾಗ ಬೆಳವಣಿಗಿ ನಿಂದರ್ತದ. ನಿಂತಲ್ಲಿ ಒಂದು ಗೆರಿ. ಇನ್ನೊಂದು, ಬೆಳಿಯೋ ಅಂಚಿನ್ಯಾಗ ಸತು ಜಾಸ್ತಿ ಇರ್ತದ. ಗೆರಿಯಿಂದ ಗೆರಿಗೆ ಸತು ಎಷ್ಟದ ಅಂತ ಅಳದರ, ಕರು ಯಾವಾಗ ಭರಾಭರಾ ಬೆಳೀತು, ಯಾವಾಗ ಸೊರಗಿತು, ತಿಳೀತದ."

"ಸತ್ತು ಮಣ್ಣಾದ ದನ ಹೆಂಗ ಬೆಳೀತು ಅಂತ ತಿಳ್ಕೊಂಡು ಯಾರಿಗೇನ್ ಆಗಬೇಕಾಗ್ಯದ?"

"ಅಂಥಾ ದೊಡ್ಡ ದನ ಅಳಿದು ಹೋತಲ್ರಿ, ಯಾಕ ಹೋತು ಅಂತ ಯಾರಿಗೂ ಗೊತ್ತಿಲ್ಲ. ಈ ಮಣ್ಣಿನ್ಯಾಗ ಮೇದದ್ದು ಅದು."

ಅಮೀನುದ್ದೀನ ಆ ತುಂಡನ್ನು ಎತ್ತಿ ತೂಕ ನೋಡಿದ. ಉಗುರಿನಿಂದ ಬಡಿದ. ಕಲ್ಲಿನ ಸಪ್ಪಳವೇ ಬಂತು.

ಮೊದಲು ಚಾಂದಪಾಶಾನ ಅಂಗಡಿಯಿಂದ ಎಮ್ಮೆಯ ಎಲುಬು ತಂದು ಕೈ ಪಳಗಿಸಿಕೊಂಡ. ಒಣಗಲಿ ಎಂದು ಮಾಳಿಗೆಯ ಮೇಲೆ ಹರಡಿದರೆ ಕಾಗೆಗಳು ಮುತ್ತಿದವು. ಹೆಂಡತಿ ಕುಬ್ರಾಬೇಗಂ ಮೂರೇ ದಿನಕ್ಕೆ ಎಲ್ಲವನ್ನೂ ಬುಟ್ಟಿಗೆ ತುಂಬಿ ಶೆಡ್ಡಿನಲ್ಲಿ ಸುರಿದು ಹೋದಳು. ಎರಡು ತಿಂಗಳು ಕೊಯ್ದದ್ದೆಲ್ಲ ಮುರಿಯಿತು. ಗರಗಸ ಜೋರಾದರೆ ಎಲುಬು ಸುಟ್ಟ ವಾಸನೆ, ನಿಧಾನವಾದರೆ ಅಂಚು ಚಕ್ಕೆ ಏಳುತ್ತಿತ್ತು. ಕಡೆಗೆ ಎಲುಬನ್ನು ಗಟ್ಟಿ ಅಂಟಿನಲ್ಲಿ ಹುದುಗಿಸಿ, ಕೊಯ್ದ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವ ತನಕ ಬೆರಳಲ್ಲಿ ತಿಕ್ಕುವುದನ್ನು ಕಲಿತ. ಆಮೇಲೆಯೇ ಕಾಡುದನದ ತುಂಡಿಗೆ ಕೈ ಹಾಕಿದ್ದು.

ಮೊದಲ ಬಿಲ್ಲೆಯನ್ನು ಬಾಗಿಲ ಬಿಸಿಲಿಗೆ ಹಿಡಿದಾಗ ಗೆರೆಗಳು ಕಂಡವು. ಪಂಚಶೀಲಾ ಒಂದೊಂದಾಗಿ ಎಣಿಸಿದಳು. ಆರು.

"ಆರು ಬ್ಯಾಸಗಿ ನೋಡ್ಯದರಿ ಇದು," ಎಂದಳು.

ಅಮೀನುದ್ದೀನ ತಾನೂ ಒಮ್ಮೆ ಎಣಿಸಿ ನೋಡಿದ. ಅಂದು ಅವಳು ಪಾಠಕ್ಕೆ ಹೊತ್ತಾಯಿತೆಂದು ಹೋದ ಮೇಲೆ, ಆ ತುಂಡಿನಿಂದ ಕೊಯ್ದ ಒಂಬತ್ತು ಬಿಲ್ಲೆಗಳನ್ನು ಮುಂದಿಟ್ಟುಕೊಂಡು ಕುಳಿತ. ಮಂಕಾಗಿದ್ದವು. ಇಷ್ಟು ಒಳ್ಳೆಯ ಕೆಲಸವನ್ನು ಹೀಗೆ ಕೊಡುವುದೇ? ಕಲ್ಲಿಗೆ ಕಡೆಯ ಮೆರುಗು ಕೊಡುವ ಬಿಳಿ ಪುಡಿ ತೆಗೆದು ಒಂದೊಂದನ್ನೂ ಬಟ್ಟೆಯಲ್ಲಿ ಉಜ್ಜಿದ. ಮಿಂಚಿದವು. ಮರುದಿನ ಪಂಚಶೀಲಾ ಅವನ್ನು ನೋಡಿ ಭಾಳ ಛಂದ ಆಗ್ಯಾವ ಎಂದು ಹೊಗಳಿ, ಪರರಾಜ್ಯದ ಒಂದು ಪ್ರಯೋಗಶಾಲೆಗೆ ಕಳಿಸಿದಳು.

ಐದು ತಿಂಗಳಾದ ಮೇಲೆ ಬಂದವಳು ಕುಳಿತುಕೊಳ್ಳಲಿಲ್ಲ.

"ಏನರ ಹಚ್ಚಿದ್ರೇನ್ರಿ ಅವಕ್ಕ?"

"ಯಾಕ?"

"ಎಲ್ಲಾದರಾಗೂ ಸತು ಬಂದದ. ಎಲುಬಿನ್ಯಾಗೂ ಸತು, ಸುತ್ತಲಿನ ಅಂಟಿನ್ಯಾಗೂ ಸತು. ಅಂಟಿನ್ಯಾಗ ಎಲ್ಲಿಂದ ಬರ್ತದ್ರಿ?"

ಅಮೀನುದ್ದೀನನ ಕಣ್ಣು ಮೂಲೆಯ ಪುಡಿಯ ಡಬ್ಬಿಯ ಕಡೆ ಹೋಯಿತು. ಪಂಚಶೀಲಾಳ ಕಣ್ಣೂ ಹಿಂದೆಯೇ ಹೋಯಿತು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆ ಪುಡಿಯಲ್ಲಿ ಸತು ಇತ್ತು.

"ಏನೂ ಹಚ್ಚಬ್ಯಾಡ್ರಿ ಅಂದಿದ್ದೆ!"

"ಎಣ್ಣಿ ಹಚ್ಚಬ್ಯಾಡ ಅಂದಿದ್ರಿ. ಪುಡಿ ಅಂದಿರಲಿಲ್ಲ."

"ಅಷ್ಟೂ ಹೇಳಬೇಕೇನ್ರಿ?"

"ಹೇಳಬೇಕು! ನಾ ಏನ್ ಕಾಲೇಜ್ ಕಲಿತಾಂವಾ?"

ಅವಳು ಉಳಿದ ಎಲುಬಿದ್ದ ತನ್ನ ಡಬ್ಬಿ ಎತ್ತಿಕೊಂಡು ಹೋದಳು. ಅಂದು ಅಮೀನುದ್ದೀನ ಎರಡು ಪರಸಿಗಳ ಮೂಲೆ ಮುರಿದ. ಮನೆಯಲ್ಲಿ ರೊಟ್ಟಿ ದಪ್ಪವಾಯಿತೆಂದು ಕೂಗಾಡಿದ. ಎಂಟು ದಿನ ಕುಬ್ರಾಬೇಗಂ ಅವನ ಸುದ್ದಿಗೆ ಹೋಗಲಿಲ್ಲ. ತಪ್ಪು ತನ್ನದಲ್ಲ ಎಂದು ಅವನು ದಿನವೂ ತನಗೆ ಹೇಳಿಕೊಂಡ. ದಿನವೂ ಅದು ಸುಳ್ಳೆನಿಸಿತು.

ಒಂಬತ್ತನೆಯ ದಿನ ಬಸ್ಸು ಹತ್ತಿ ಸುರಪುರಕ್ಕೆ ಹೋಗಿ ಕಾಲೇಜಿನ ಗೇಟಿನಲ್ಲಿ ನಿಂತ. ಪಂಚಶೀಲಾ ಹೊರಗೆ ಬರುತ್ತಲೇ, "ಉಳಿದದ್ದು ಎಷ್ಟದ?" ಎಂದ.

"ನಾಲ್ಕು ಬೆರಳು."

"ಕೊಡ್ರಿ. ಈ ಸಲ ಬರೇ ನೀರು. ಮಷೀನು ತೊಳದೀನಿ, ಬ್ಲೇಡು ಹೊಸದು ಹಾಕೀನಿ."

ಅವಳು ಒಳಗೆ ಹೋಗಿ ಡಬ್ಬಿ ತಂದು ಕೊಟ್ಟಳು. ನಾಲ್ಕು ಬಿಲ್ಲೆ ಬಂದವು. ಅವನ್ನು ಮಂಕಾಗಿಯೇ ಬಿಟ್ಟು ಕೊಡುವಾಗ ಅಮೀನುದ್ದೀನ ಮುಖ ಆ ಕಡೆ ತಿರುಗಿಸಿಕೊಂಡ. ಪ್ರಯೋಗಶಾಲೆಯಲ್ಲಿ ಸರದಿ ಉದ್ದವಿತ್ತು. ಏಳು ತಿಂಗಳು ಹೋಯಿತು.

ಈ ಸಲ ಅಂಟಿನಲ್ಲಿ ಸತು ಇರಲಿಲ್ಲ. ಎಲುಬಿನಲ್ಲಿ ಇತ್ತು, ಆದರೆ ಒಳಗಿನ ಗೆರೆಯಿಂದ ಹೊರಗಿನ ಗೆರೆಯ ತನಕ ಎಲ್ಲೆಡೆ ಒಂದೇ ಸಮ. ಜೊತೆಗೆ ಮಣ್ಣಿನ ಕಬ್ಬಿಣ, ಮಣ್ಣಿನ ಮ್ಯಾಂಗನೀಸು.

"ಸಾವಿರಾರು ವರ್ಷ ಹಳ್ಳದ ನೀರು ಇಳದದ್ರಿ," ಎಂದಳು ಪಂಚಶೀಲಾ. "ದನದ್ದು ಯಾವ್ದು, ಮಣ್ಣಿಂದು ಯಾವ್ದು, ಹೇಳಾಕ ಬರಂಗಿಲ್ಲ."

"ಅಂದರ ಮೊದಲನೇ ಸಲ ಪುಡಿ ಹಚ್ಚಿರಲಿಲ್ಲ ಅಂದ್ರೂ..."

"ಹೌದ್ರಿ. ಆಗೂ ಇದೇ ಆಗ್ತಿತ್ತು."

ಇದನ್ನು ಕೇಳಿದರೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ತಪ್ಪಿನ ಭಾರವನ್ನಾದರೂ ಹೊತ್ತುಕೊಳ್ಳಬಹುದಿತ್ತು. ಈಗ ಬೈಯಲು ಯಾರೂ ಸಿಗದೆ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಹಲ್ಲಿನ ಹೊರಕವಚ ಎಲುಬಿಗಿಂತ ಗಟ್ಟಿ, ಮಣ್ಣು ಅಷ್ಟು ಸುಲಭವಾಗಿ ಒಳಗೆ ಇಳಿಯುವುದಿಲ್ಲ, ಹಲ್ಲು ಸಿಕ್ಕರೆ ನೋಡಬಹುದು ಎಂದು ಪ್ರಯೋಗಶಾಲೆಯವರು ಬರೆದಿದ್ದರು. ಅಂಥ ಕಾಡುದನದ ಹಲ್ಲೊಂದು ದೂರದ ಊರಿನ ಒಂದು ಕಚೇರಿಯ ಗಾಜಿನ ಕಪಾಟಿನಲ್ಲಿತ್ತು. ಪಂಚಶೀಲಾ ಅರ್ಜಿ ಹಾಕಿದಳು. ನೆನಪೋಲೆ ಬರೆದಳು. ಎರಡು ಸಲ ಖುದ್ದಾಗಿ ಹೋದಳು. ಒಂದು ಸಲ ಸಾಹೇಬರು ರಜೆಯಲ್ಲಿದ್ದರು, ಇನ್ನೊಂದು ಸಲ ಕೀಲಿ ಇದ್ದವನು. ಒಂಬತ್ತು ತಿಂಗಳ ಮೇಲೆ ಉತ್ತರ ಬಂತು. ಹಲ್ಲನ್ನು ನೋಡಲು, ಫೋಟೋ ತೆಗೆಯಲು ಅನುಮತಿ ಇದೆ, ಕೊಯ್ಯುವಂತಿಲ್ಲ.

ಅಮೀನುದ್ದೀನ ಆ ಕಾಗದವನ್ನು ಎರಡು ಸಲ ಓದಿದ.

"ಬರೇ ಹಲ್ಲು ನೋಡಿ ಏನ್ ಮಾಡೋದು? ಸಂತ್ಯಾಗ ದನ ಕೊಳ್ಳಾಕ ಹೊಂಟೀರೇನು?"

ಪಂಚಶೀಲಾ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಅವನು ಏನೂ ಕಾಣದವನಂತೆ ಗರಗಸದ ಬೋಲ್ಟು ಬಿಗಿ ಮಾಡಿದ.

ಹೋದ ತಿಂಗಳು ಅವಳು ತನ್ನ ಮಹಾಪ್ರಬಂಧ ಸಲ್ಲಿಸಿದಳು. ಅದರಲ್ಲಿ ಆರು ಗೆರೆಗಳ ಚಿತ್ರವಿದೆ. ಹೂತ ಎಲುಬನ್ನು ಮಣ್ಣು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಒಂದು ಇಡೀ ಅಧ್ಯಾಯವಿದೆ. ಕೃತಜ್ಞತೆಯ ಪುಟದಲ್ಲಿ ಅಮೀನುದ್ದೀನನ ಹೆಸರಿದೆ. ಅದನ್ನು ತೋರಿಸಲೆಂದೇ ಶೆಡ್ಡಿಗೆ ಬಂದಿದ್ದಳು.

"ಕೆಟ್ಟ ಕೆಲಸಕ್ಕ ನನ್ನ ಹೆಸರು ಯಾಕ ಹಾಕಿದ್ರಿ?"

"ಕೊಯ್ದದ್ದು ಕೆಟ್ಟಿಲ್ರಿ. ಗೆರಿ ಆರೂ ಕಾಣ್ತಾವ."

"ಗೆರಿ ಬಿಡ್ರಿ. ಕರು ಯಾವಾಗ ಭರಾಭರಾ ಬೆಳೀತು? ಹೇಳ್ರಿ ನೋಡೋಣು."

"ಗೊತ್ತಾಗಲಿಲ್ರಿ."

"ಮತ್ತ?"

ಪಂಚಶೀಲಾ ಪ್ರಬಂಧವನ್ನು ಚೀಲಕ್ಕೆ ಹಾಕಿದಳು. ಇನ್ನೊಂದು ಊರಿನ ಸಂಗ್ರಹದಲ್ಲಿ ಮುರಿದ ಹಲ್ಲಿನ ಚೂರುಗಳಿವೆಯಂತೆ, ಅವನ್ನಾದರೂ ಕೊಡುತ್ತಾರೋ ಏನೋ, ಕಾಲೇಜಿನ ಪರೀಕ್ಷೆಗಳು ಮುಗಿಯಲಿ, ಬಿಡುವಾಗಿ ಕೇಳಿ ನೋಡಬೇಕು ಎಂದಳು.

ಅಮೀನುದ್ದೀನ ತಿರುಗುತ್ತಿದ್ದ ಗರಗಸವನ್ನು ಬಂದ್ ಮಾಡಿದ.

"ಬಿಡುವಾಗಿ ಏನು? ಅರ್ಜಿ ಇವತ್ತ ಬರೀರಿ," ಎಂದ. "ಕೊಯ್ಯಾಕ ಅಂತ ಮೊದಲನೇ ಸಾಲಿನ್ಯಾಗ ಬರೀರಿ. ಇಲ್ಲಾಂದ್ರ ಅವರೂ ವರ್ಷ ತಗೊಂಡು, ನೋಡಿ ಹೋಗ್ರಿ ಅಂತಾರ."